ಸಿಕ್ಸ್ ಬೈ ಸಿಕ್ಸ್ ಇದ್ದರೂ ಅಕ್ಷರ ಕುಣಿಯುವುದೇಕೆ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ಬೆಳಿಗ್ಗೆ ಲೈಬ್ರರಿಯ ಕುರ್ಚಿ ಹಿಡಿದರೆ ಏಳುವುದು ರಾತ್ರಿಗೆ. ರಾಯಚೂರು, ವಿಜಯಪುರ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದವರು. ಪಿಎಸ್‌ಐ, ಕೆಎಎಸ್, ಎಫ್‌ಡಿಎ ಯಾವುದಾದರೊಂದರ ಅಧಿಸೂಚನೆಗೆ ವರ್ಷಗಟ್ಟಲೆ ಕಾಯುತ್ತ ಓದುವವರು. ಅವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಸಂಜಿ ಆತಂದ್ರ ಅಕ್ಷರ ಕುಣೀತಾವ್ರಿ. ಓದಿದ ಸಾಲನ್ನ ಮತ್ತ ಓದತೇನಿ. ಹಣಿ ಹಿಡಕೊಂಡಂಗ ಆಗತೈತಿ." ಕಣ್ಣು ತೋರಿಸಲು ಹೋದರೆ ಗೋಡೆಯ ಮೇಲಿನ ಅಕ್ಷರಗಳನ್ನು ಕೆಳಗಿನ ಸಾಲಿನವರೆಗೂ ಸರಾಗವಾಗಿ ಓದಿಬಿಡುತ್ತಾರೆ. ಸಿಕ್ಸ್ ಬೈ ಸಿಕ್ಸ್, ಅಂದರೆ ದೂರದ ನೋಟ ಸರಿಯಿದೆ. "ಏನೂ ಇಲ್ಲಪಾ, ಟೆನ್ಶನ್ ತಗೋಬ್ಯಾಡ" ಎಂಬಲ್ಲಿಗೆ ತಪಾಸಣೆ ಮುಗಿಯುತ್ತದೆ.

ಈ "ಏನೂ ಇಲ್ಲ" ಎಂಬುದರ ಬಗ್ಗೆ ನನ್ನ ತಕರಾರಿದೆ. ಗೋಡೆಯ ಅಕ್ಷರಗಳ ಪರೀಕ್ಷೆ ಆರು ಮೀಟರ್ ದೂರದ್ದು. ಅಷ್ಟು ದೂರ ನೋಡಲು ಸಹಜ ಕಣ್ಣು ಹೆಚ್ಚೇನೂ ದುಡಿಯಬೇಕಿಲ್ಲ. ಪುಸ್ತಕ ಇರುವುದು 40 ಸೆಂಟಿಮೀಟರಿನಲ್ಲಿ, ಮೊಬೈಲ್ ಇನ್ನೂ ಹತ್ತಿರ. ಹತ್ತಿರದ್ದನ್ನು ನೋಡುವಾಗ ಮೂರು ಕೆಲಸ ಒಟ್ಟಿಗೇ ನಡೆಯಬೇಕು. ಮಸೂರದ ಸುತ್ತಲಿನ ಸಿಲಿಯರಿ ಸ್ನಾಯು ಬಿಗಿಯಾಗುತ್ತದೆ. ಆಗ ಮಸೂರವನ್ನು ಜಗ್ಗಿ ಹಿಡಿದ ಎಳೆಗಳು ಸಡಿಲಾಗಿ ಮಸೂರ ಉಬ್ಬುತ್ತದೆ, ಫೋಕಸ್ ಹತ್ತಿರಕ್ಕೆ ಬರುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆಯ ತಿರುಳು ಇಂದಿಗೂ ನಿಂತಿದೆ. ಅದೇ ಹೊತ್ತಿಗೆ ಎರಡೂ ಕಣ್ಣುಗುಡ್ಡೆಗಳು ಮೂಗಿನತ್ತ ತಿರುಗುತ್ತವೆ, ಪಾಪೆ ಕಿರಿದಾಗುತ್ತದೆ. ಮೂರಕ್ಕೂ ಅಪ್ಪಣೆ ಹೋಗುವುದು ಮಿದುಳಿನ ಮೂರನೆಯ ನರದಲ್ಲಿ.

ಇಪ್ಪತ್ತೆರಡರ ಹುಡುಗನ ಮಸೂರಕ್ಕೆ ಸುಮಾರು ಹತ್ತು ಡಯಾಪ್ಟರ್‌ನಷ್ಟು (ಮಸೂರದ ಶಕ್ತಿ ಅಳೆಯುವ ಮಾನ) ಹೊಂದಿಕೊಳ್ಳುವ ಶಕ್ತಿ ಇರುತ್ತದೆ; ಪುಸ್ತಕಕ್ಕೆ ಬೇಕಾದದ್ದು ಎರಡೂವರೆ. ಅಂದರೆ ಶಕ್ತಿಗೆ ಕೊರತೆಯಿಲ್ಲ. ಎಳೆ ಎಣಿಸಿ ಗವಂತಿ, ಮುರಗಿ ಕಸೂತಿ ಹಾಕುವ ನಮ್ಮ ಹೆಣ್ಣುಮಕ್ಕಳು ನಲವತ್ತು ದಾಟಿ ಚಾಳೀಸು ಬರುವವರೆಗೂ ಕಣ್ಣಿನ ಯೋಚನೆ ಮಾಡುವುದಿಲ್ಲ, ನಡುನಡುವೆ ಒಲೆ, ಬಾಗಿಲು ಎಂದು ಏಳುತ್ತಲೂ ಇರುತ್ತಾರೆ. ತೊಂದರೆ ಇರುವುದು ಏಳದೆ ಕೂರುವುದರಲ್ಲಿ, ಮತ್ತು ಎರಡು ಕಣ್ಣುಗಳ ಜೋಡಿಯಲ್ಲಿ.

ಅನೇಕರ ಕಣ್ಣುಗಳಿಗೆ ತುಸು ಹೊರಕ್ಕೆ ಸರಿಯುವ ಒಲವಿರುತ್ತದೆ. ಒಂದು ಎರಡಾಗಿ ಕಾಣದಿರಲೆಂದು ಮಿದುಳು ಅವನ್ನು ಎಳೆದು ಕೂಡಿಸಿಟ್ಟಿರುತ್ತದೆ. ಗಳೆ ಹೂಡಿದಾಗ ಹೊರಕ್ಕೆ ಜಗ್ಗುವ ಎತ್ತನ್ನು ನೊಗ ಹಿಡಿದಿಟ್ಟಂತೆ. ಬೆಳಿಗ್ಗೆ ಸಾಲು ನೆಟ್ಟಗೆ ಬೀಳುತ್ತದೆ, ಹೊತ್ತು ಇಳಿದಂತೆ ಸೊಟ್ಟಾಗುತ್ತದೆ. ಹತ್ತಿರದ ನೋಟಕ್ಕೆ ಕಣ್ಣುಗಳನ್ನು ಹೀಗೆ ಕೂಡಿಸಿಡುವ ಶಕ್ತಿ ಸಾಲದಿದ್ದರೆ ಅದು ಕನ್ವರ್ಜೆನ್ಸ್ ಇನ್‌ಸಫಿಶಿಯನ್ಸಿ. ಪೆನ್ನಿನ ತುದಿಯನ್ನು ಮೆಲ್ಲಗೆ ಮೂಗಿನ ಬಳಿ ತಂದರೆ ಸಾಮಾನ್ಯವಾಗಿ ಐದಾರು ಸೆಂಟಿಮೀಟರಿನವರೆಗೂ ಒಂದೇ ಕಾಣುತ್ತದೆ. ಇವರಿಗೆ ಬಹಳ ಮೊದಲೇ ಎರಡಾಗುತ್ತದೆ. ಯಂತ್ರ ಬೇಡ, ಒಂದು ನಿಮಿಷ ಸಾಕು. ಹೊರಗೆ ಪಾಳಿ ಉದ್ದವಿದ್ದಾಗ ಮೊದಲು ಬಿಟ್ಟುಹೋಗುವುದೂ ಇದೇ.

ಇನ್ನು ಮನಸ್ಸಿನ ಮಾತು. ಸಿಲಿಯರಿ ಸ್ನಾಯು ಎದೆಬಡಿತ, ಬೆವರು, ಜೀರ್ಣಕ್ರಿಯೆ ನೋಡಿಕೊಳ್ಳುವ ಸ್ವಾಯತ್ತ ನರವ್ಯೂಹದ ಅಧೀನ. ಗಾಬರಿಯಲ್ಲಿ ಮೇಲುಗೈ ಸಾಧಿಸುವ ಸಿಂಪಥೆಟಿಕ್ ಭಾಗ ಪಾಪೆಯನ್ನು ಹಿಗ್ಗಿಸುತ್ತದೆ, ಹತ್ತಿರದ ಫೋಕಸ್ಸನ್ನು ಕೊಂಚ ಸಡಿಲಿಸುತ್ತದೆ. ಪಾಪೆ ಹಿಗ್ಗಿದಾಗ ಫೋಕಸ್ಸಿನ ಸಣ್ಣ ತಪ್ಪೂ ಮಂಜಾಗಿ ಕಾಣುತ್ತದೆ. ಇದರ ಪ್ರಮಾಣ ಸಣ್ಣದೇ. ದೊಡ್ಡ ಪೆಟ್ಟು ಬೀಳುವುದು ಚಿಂತೆಯಿಂದ ನಿದ್ದೆಗೆಟ್ಟಾಗ: ದಣಿದ ಮಿದುಳು ಕಣ್ಣುಗಳನ್ನು ಕೂಡಿಸಿಡಲಾರದೆ ಸೋಲುತ್ತದೆ. ಓದು ಸಾಗುವುದಿಲ್ಲ, ಸಿಲೆಬಸ್ ಉಳಿಯುತ್ತದೆ, ಚಿಂತೆ ಹೆಚ್ಚುತ್ತದೆ. ಯಾವುದು ಮೊದಲು ಎಂದು ಬಿಡಿಸುವುದು ಕಷ್ಟ.

ಉಲ್ಟಾ ಪ್ರಕರಣ ಇನ್ನೂ ಸ್ವಾರಸ್ಯದ್ದು. ಕೆಲವರಲ್ಲಿ ಸಿಲಿಯರಿ ಸ್ನಾಯು ಬಿಗಿದದ್ದು ಬಿಗಿದೇ ಉಳಿಯುತ್ತದೆ. ಪುಸ್ತಕದಿಂದ ತಲೆ ಎತ್ತಿದರೆ ಬೋರ್ಡು, ಬಸ್ಸಿನ ಫಲಕ ಎಲ್ಲ ಮಸುಕು. ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಮೈನಸ್ ನಂಬರು ತೋರಿಸುತ್ತದೆ, ಕೈಗೆ ಚಸ್ಮಾ ಬರುತ್ತದೆ, ಅದನ್ನು ಹಾಕಿಕೊಂಡು ಓದಿದರೆ ಸ್ನಾಯುವಿಗೆ ಇನ್ನಷ್ಟು ದುಡಿತ. ಸೈಕ್ಲೋಪೆಂಟೋಲೇಟ್ ಡ್ರಾಪ್ಸ್ ಹಾಕಿ ಸ್ನಾಯು ಸಡಿಲಿಸಿ ನೋಡಿದರೆ ನಂಬರು ಮಾಯ! ಈ ಹುಸಿ ಸಮೀಪದೃಷ್ಟಿ ಹೆಚ್ಚಾಗಿ ಎಳೆಯರದ್ದು, ಮಾನಸಿಕ ಒತ್ತಡ ಇದಕ್ಕೆ ಗೊತ್ತಿರುವ ಪ್ರಚೋದಕಗಳಲ್ಲಿ ಒಂದು. ದೃಷ್ಟಿ ಪರೀಕ್ಷೆಯೂ ಇರುವ ಪೊಲೀಸ್, ರೈಲ್ವೆ ನೌಕರಿಗೆ ಓದುವವರು ನಂಬರು ಬಂತೆಂದು ಎದೆಗುಂದುವ ಮೊದಲು ಡ್ರಾಪ್ಸ್ ಹಾಕಿಸಿ ನೋಡಲು ಕೇಳಿಕೊಳ್ಳಬೇಕು.

ಆದರೆ ಇದನ್ನೇ ಎಳೆದು ಎಲ್ಲ ನಂಬರೂ ಮನಸ್ಸಿನದ್ದೇ ಎನ್ನುವವರಿದ್ದಾರೆ. ನೂರು ವರ್ಷದ ಹಿಂದೆ ನ್ಯೂಯಾರ್ಕಿನ ವಿಲಿಯಂ ಬೇಟ್ಸ್ ಎಂಬ ಕಣ್ಣಿನ ವೈದ್ಯ ಹಾಗೆ ವಾದಿಸಿ, ಚಸ್ಮಾ ತೆಗೆದಿಡಿ ಎಂದ. ಇವತ್ತಿನ ಯೂಟ್ಯೂಬ್ ವ್ಯಾಯಾಮಗಳಲ್ಲಿ ಬಹಳಷ್ಟು ಅವನ ವಂಶದವೇ. ನಿಜವಾದ ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಕಣ್ಣುಗುಡ್ಡೆಯೇ ಉದ್ದವಾಗಿರುತ್ತದೆ. ಎಷ್ಟು ಶಾಂತವಾಗಿ ಕುಳಿತರೂ ಅದು ಗಿಡ್ಡಾಗದು.

ಕನ್ವರ್ಜೆನ್ಸ್ ತೊಂದರೆಗೆ ವ್ಯಾಯಾಮ ನಾಟುತ್ತದೆ, ಅದಕ್ಕೆ ಗಟ್ಟಿ ಪುರಾವೆಯಿದೆ. ಅಮೆರಿಕದಲ್ಲಿ 9ರಿಂದ 17 ವರ್ಷದ 221 ಮಕ್ಕಳ ಮೇಲೆ 12 ವಾರ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಕ್ಲಿನಿಕ್ಕಿನಲ್ಲಿ ತರಬೇತಿ ಪಡೆದವರಲ್ಲಿ ಶೇ. 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ನೋಡುತ್ತ ವ್ಯಾಯಾಮ ಮಾಡಿದವರಲ್ಲಿ ಶೇ. 43, ಕ್ಲಿನಿಕ್ಕಿನಲ್ಲೇ ಚಿಕಿತ್ಸೆಯಂತೆ ಕಾಣುವ ಹುಸಿ ಅಭ್ಯಾಸ ಮಾಡಿದವರಲ್ಲೂ ಶೇ. 35. ಯಾರೋ ಎದುರು ಕುಳಿತು ಕಾಳಜಿಯಿಂದ ನೋಡಿಕೊಂಡದ್ದರ ಪಾಲೂ ಆ ಕೊನೆಯ ಅಂಕಿಯಲ್ಲಿ ಇರಬಹುದು ಎಂಬುದು ನನ್ನ ಊಹೆ. 2019ರ ಇನ್ನೊಂದು ಪ್ರಯೋಗ, ಅದೇ ತರಬೇತಿಯಿಂದ ಮಕ್ಕಳ ಓದಿನ ಗ್ರಹಿಕೆ ಹುಸಿ ಅಭ್ಯಾಸಕ್ಕಿಂತ ಹೆಚ್ಚೇನೂ ಸುಧಾರಿಸಲಿಲ್ಲ ಎಂದು ತೋರಿಸಿತು. ಕಣ್ಣಿನ ವ್ಯಾಯಾಮದಿಂದ ಮಾರ್ಕ್ಸ್ ಏರುತ್ತದೆಂದು ಫೀ ಕೇಳುವವರ ಮುಂದೆ ಇದನ್ನು ಇಡಬೇಕು.

ಔಷಧಿಯ ಕಡೆಯಿಂದಲೂ ಒಂದು ಗಂಟಿದೆ. ಖಿನ್ನತೆಗೆ, ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಹತ್ತಿರದ ಫೋಕಸ್ಸನ್ನು ಮಂಜು ಮಾಡಬಲ್ಲದು. ನೆಗಡಿ, ತುರಿಕೆಗೆ ನುಂಗುವ ಕೆಲವು ಹಳೆಯ ಪೀಳಿಗೆಯ ಮಾತ್ರೆಗಳೂ ಹಾಗೇ. ತಾವಾಗಿ ನಿಲ್ಲಿಸಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆಯುತ್ತಿರುವವರು ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗುವಾಗ ಡಿಮ್ಹಾನ್ಸ್‌ನ ಔಷಧಿ ಚೀಟಿ ಜೊತೆಗಿಟ್ಟುಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ನಿಧಾನವಾಗಿ ಬಂದು, ವಿಶ್ರಾಂತಿ ಸಿಕ್ಕರೆ ತಗ್ಗುವ ತೊಂದರೆಯ ಮಾತು. ಇದ್ದಕ್ಕಿದ್ದಂತೆ ಒಂದು ಎರಡಾಗಿ ಕಂಡರೆ, ಒಂದು ರೆಪ್ಪೆ ಜೋತುಬಿದ್ದರೆ, ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾದರೆ ಅದು ಟೆನ್ಶನ್ ಅಲ್ಲ, ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ಪರೀಕ್ಷೆ ನಾಳೆಯೇ ಇದ್ದರೂ ಆಸ್ಪತ್ರೆಗೆ ಹೋಗಬೇಕಾದದ್ದು ಆ ಗಳಿಗೆಯಲ್ಲೇ.