ಚಾರ್ಜರಿನ ಲೈಟು ಉರಿಯುತ್ತದೆ, ಲ್ಯಾಪ್‌ಟಾಪ್ ಮಾತ್ರ ಆನ್ ಆಗುವುದಿಲ್ಲ. ಬೋರ್ಡು ಹೋಯಿತಾ?

ಪ್ರಶ್ನೆ: ಮಾಷ್ಟ್ರೇ, ಮಗಳ ಲ್ಯಾಪ್‌ಟಾಪ್ ನಿನ್ನೆಯಿಂದ ಆನ್ ಆಗುವುದಿಲ್ಲ. ಬಟನ್ ಒತ್ತಿದರೆ ಎಂತದೂ ಇಲ್ಲ. ಚಾರ್ಜರ್ ಸರಿ ಉಂಟು, ಲೈಟು ಉರಿಯುತ್ತದೆ. ಪೇಟೆಯಲ್ಲಿ ತೋರಿಸಿದ್ದಕ್ಕೆ ಬೋರ್ಡು ಹೋಗಿದೆ ಅಂದರು. ಹೊಸದು ತೆಗೆಯುವುದೇ ಒಳ್ಳೆಯದಾ?

ಉತ್ತರ: ಈಗಲೇ ತೆಗೆಯಬೇಡಿ. ಬೋರ್ಡು, ಅಂದರೆ ಒಳಗಿನ ಮದರ್‌ಬೋರ್ಡು, ಹೋಗಿರಲಿಕ್ಕೂ ಸಾಕು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಬರೆದದ್ದರಲ್ಲಿ ಬೋರ್ಡು ಹೋಗಿದೆ ಅನ್ನುವುದಕ್ಕೆ ಒಂದು ಆಧಾರವೂ ಇಲ್ಲ.

ನಮ್ಮ ಕಾಸರಗೋಡಿನ ಕಡೆ ಇದೇ ಪ್ರಶ್ನೆ ಪೆರ್ಲದಿಂದ ಬರುತ್ತದೆ, ಮುಳ್ಳೇರಿಯದಿಂದ ಬರುತ್ತದೆ, ಉಪ್ಪಳದಿಂದಲೂ ಬರುತ್ತದೆ. ಲ್ಯಾಪ್‌ಟಾಪಿನ ಕಂಪೆನಿ ಬೇರೆ, ಮಾಡೆಲ್ ಬೇರೆ. ಆ ಒಂದು ಮಾತು ಮಾತ್ರ ತಪ್ಪುವುದಿಲ್ಲ: ಚಾರ್ಜರ್ ಸರಿ ಉಂಟು, ಲೈಟು ಉರಿಯುತ್ತದೆ. ಎಷ್ಟು ಜನರಿಗೆ ಎಷ್ಟು ಸಲ ಹೇಳಿದರೂ ಈ ನಂಬಿಕೆ ಬಿಟ್ಟು ಹೋಗುತ್ತಿಲ್ಲ. ಇವತ್ತು ಅದನ್ನೇ ಹಿಡಿದು ಪೂರ್ತಿ ಬಿಡಿಸಿ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಸಣ್ಣ ಕೆಲಸ. ಲ್ಯಾಪ್‌ಟಾಪ್ ನಿಜವಾಗಿಯೂ ಆನ್ ಆಗುತ್ತಿಲ್ಲವಾ, ಅಥವಾ ಪರದೆ ಮಾತ್ರ ಕಪ್ಪಾಗಿದೆಯಾ ನೋಡಿ. ಬಟನ್ ಒತ್ತಿ ಫ್ಯಾನಿನ ಹತ್ತಿರ ಕಿವಿ ಇಡಿ. ಕ್ಯಾಪ್ಸ್ ಲಾಕ್ ಒತ್ತಿ, ಅದರ ದೀಪ ಬರುತ್ತದಾ ನೋಡಿ. ಕೋಣೆ ಕತ್ತಲೆ ಮಾಡಿ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಕಂಪ್ಯೂಟರ್ ಓಡುತ್ತಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ. ಆಗ ಅದು ಬೇರೆಯೇ ರೋಗ, ಈ ಉತ್ತರ ನಿಮಗಲ್ಲ.

ಇನ್ನು ಲೈಟಿನ ವಿಷಯ.

ಹೆಚ್ಚಿನ ಚಾರ್ಜರುಗಳಲ್ಲಿ ಆ ಲೈಟು ಇರುವುದು ಎಲ್ಲಿ? ನಡುವಿನ ಕಪ್ಪು ಡಬ್ಬಿಯ ಮೇಲೆ. ಅದು ಉರಿದರೆ ಡಬ್ಬಿಯೊಳಗೆ ಕರೆಂಟು ಬಂದಿದೆ ಎಂದಷ್ಟೇ ಅರ್ಥ. ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಹೋಗುವ ವಯರು ಸರಿ ಇದೆಯಾ ಅನ್ನುವುದು ಆ ಲೈಟಿಗೆ ಗೊತ್ತೇ ಇಲ್ಲ. ಆ ವಯರನ್ನು ಪೂರ್ತಿ ಕತ್ತರಿಸಿ ತೆಗೆದರೂ ಲೈಟು ಉರಿಯುತ್ತಲೇ ಇರುತ್ತದೆ.

"ನನ್ನದರಲ್ಲಿ ಲೈಟು ಇರುವುದು ಪಿನ್ನಿನ ತುದಿಯಲ್ಲೇ" ಅನ್ನುವವರಿದ್ದಾರೆ. ಸರಿ, ಅಂಥ ಮಾಡೆಲುಗಳೂ ಇವೆ. ಆದರೂ ಆ ಪುಟ್ಟ ಎಲ್‌ಇಡಿಗೆ ಬೇಕಾದದ್ದು ಕೆಲವೇ ಮಿಲಿ ಆಂಪಿಯರ್. 65 ವಾಟಿನ ಲ್ಯಾಪ್‌ಟಾಪ್ ಪೂರ್ತಿ ಎಳೆದರೆ ಮೂರು ಆಂಪಿಯರಿಗಿಂತ ಜಾಸ್ತಿ ಬೇಕು. ನೂರಾರು ಪಟ್ಟು ವ್ಯತ್ಯಾಸ. ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಒಂದು ಸ್ಪ್ರಿಂಕ್ಲರ್ ಚೆನ್ನಾಗಿ ತಿರುಗಿತೆಂದು ಇಡೀ ಲೈನಿನದ್ದು ತಿರುಗುತ್ತದೆ ಅನ್ನಲಿಕ್ಕಾಗುವುದಿಲ್ಲ.

ಮೊನ್ನೆ ಒಂದು ಚಾರ್ಜರ್ ಬಂದಿತ್ತು. ಲೈಟು ಜೋರಾಗಿ ಉರಿಯುತ್ತಿತ್ತು. ಮಲ್ಟಿಮೀಟರ್ ಹಿಡಿದರೆ 19 ವೋಲ್ಟಿನ ಮೇಲೆಯೇ ತೋರಿಸಿತು. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ "ಚಾರ್ಜರ್ ಓಕೆ" ಅನ್ನುತ್ತಾರೆ. ನಿಲ್ಲಿಸಬಾರದು. 10 ಓಮಿನ, 50 ವಾಟಿನ ರೆಸಿಸ್ಟರನ್ನು ಪಿನ್ನಿಗೆ ಜೋಡಿಸಿ ಲೋಡ್ ಕೊಟ್ಟೆ, ಅಂದರೆ ಲ್ಯಾಪ್‌ಟಾಪ್ ಎಳೆಯುವ ಹಾಗೆ ಕರೆಂಟು ಎಳೆಯಿಸಿ ನೋಡಿದೆ. ಸರಿ ಇರುವ ಚಾರ್ಜರ್ ಆಗಿದ್ದರೆ ಹೆಚ್ಚುಕಡಿಮೆ ಎರಡು ಆಂಪಿಯರ್ ಹರಿದು, ರೆಸಿಸ್ಟರ್ ಕೈ ಇಡಲಾರದಷ್ಟು ಬಿಸಿಯಾಗಬೇಕು, ಮೀಟರಿನ ಅಂಕೆ ಮಾತ್ರ ಅಲ್ಲಾಡಬಾರದು. ಇದರಲ್ಲಿ ಅಂಕೆ ಸರ್ರನೆ ಕೆಳಗಿಳಿಯಿತು. ಡಬ್ಬಿಯ ಲೈಟು ಹಾಗೆಯೇ ಉರಿಯುತ್ತಿತ್ತು.

ವಯರನ್ನು ಪಿನ್ನಿನಿಂದ ಎರಡು ಬೆರಳು ಮೇಲೆ ಸೀಳಿ ನೋಡಿದೆ. ಈ ವಯರಿನ ನಡುವೆ ಒಂದು ಎಳೆ, ಅದರ ಸುತ್ತ ಜಡೆಯ ಹಾಗೆ ಹೆಣೆದ ಸಣ್ಣ ತಾಮ್ರದ ತಂತಿಗಳು. ಬಗ್ಗುವ ಜಾಗದಲ್ಲಿ ಆ ಹೆಣಿಗೆ ಪೂರಾ ತುಂಡಾಗಿ, ನಾಲ್ಕೈದು ತಂತಿ ಮಾತ್ರ ಉಳಿದಿದ್ದವು. ಅವೂ ಕಪ್ಪಾಗಿದ್ದವು. ಹೊರಗಿನ ಪ್ಲಾಸ್ಟಿಕ್ಕಿನಲ್ಲಿ ಒಂದು ಗೀರೂ ಇರಲಿಲ್ಲ. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಿನ್ನಿನ ಹತ್ತಿರ ವಯರನ್ನು ಮಡಚಿ ಬಳಸುವವರ ಚಾರ್ಜರ್ ಹೀಗೆಯೇ ಆಗುತ್ತದೆ. ಚಾರ್ಜರನ್ನು ಬ್ಯಾಗಿಗೆ ಹಾಕುವಾಗ ವಯರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಿದರೆ ಡಬ್ಬಿಯ ಬುಡದಲ್ಲೂ ಇದೇ ಕತೆ.

ನಿಮ್ಮ ಹತ್ತಿರ ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಅದೇ ಮಾಡೆಲಿನ ಚಾರ್ಜರ್ ಇರುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಕೇಳಿ ತಂದು ಹಾಕಿ ನೋಡಿ. ಡಬ್ಬಿಯ ಮೇಲೆ ಔಟ್‌ಪುಟ್ ಎಂದು ಬರೆದಿರುವಲ್ಲಿ ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಪಿನ್ನು ಒಳಗೆ ಹೋಯಿತು ಎಂಬ ಒಂದೇ ಕಾರಣಕ್ಕೆ ಬೇರೆ ಕಂಪೆನಿಯದ್ದನ್ನು ಹಾಕಬೇಡಿ. ಡೆಲ್, ಎಚ್‌ಪಿಯ ಹಲವು ಪಿನ್ನುಗಳ ನಡುವೆ ಸೂಜಿಯಂಥ ಒಂದು ಕಡ್ಡಿ ಇರುತ್ತದೆ. ಲ್ಯಾಪ್‌ಟಾಪ್ ಅದರ ಮೂಲಕವೇ ಇದು ತನ್ನ ಚಾರ್ಜರಾ ಎಂದು ತಿಳಿಯುವುದು. ಆ ಕಡ್ಡಿ ಬಗ್ಗಿದರೆ ಅಥವಾ ಅದರ ಎಳೆ ತುಂಡಾದರೆ, ಲ್ಯಾಪ್‌ಟಾಪ್ ಓಡಿದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಟೈಪ್ ಸಿ ಇರುವವರಿಗೆ ಇನ್ನೊಂದು ಮಾತು. ಅದರಲ್ಲಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಆಮೇಲೆ ಎರಡೂ ಕಡೆಯ ಚಿಪ್ಪುಗಳು ಒಪ್ಪಿಕೊಂಡ ಮೇಲಷ್ಟೇ ಹೆಚ್ಚಿನವುಗಳಲ್ಲಿ 20 ವೋಲ್ಟಿನವರೆಗೆ ಏರುವುದು. 18 ವಾಟಿನ ಮೊಬೈಲ್ ಚಾರ್ಜರ್ ಚುಚ್ಚಿ "ಇದರಲ್ಲೂ ಆಗಲಿಲ್ಲ, ಹಾಗಾದರೆ ಬೋರ್ಡೇ" ಎಂದು ತೀರ್ಮಾನ ಮಾಡಬೇಡಿ.

ಆ ಲೈಟು ಹೇಳುವ ಒಂದು ಸತ್ಯವೂ ಇದೆ, ಅದನ್ನು ಮಾತ್ರ ಯಾರೂ ನೋಡುವುದಿಲ್ಲ. ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದ ಕ್ಷಣ ಲೈಟು ಆರಿತಾ? ತೆಗೆದು, ಗೋಡೆಯಿಂದಲೂ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ಬಂತಾ? ಹಾಗಾದರೆ ಲ್ಯಾಪ್‌ಟಾಪಿನ ಒಳಗೆ ಎಲ್ಲೋ ಶಾರ್ಟ್ ಇರಬಹುದು, ಚಾರ್ಜರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಆಮೇಲೆ ಮತ್ತೆ ಮತ್ತೆ ಚುಚ್ಚಿ ನೋಡುವುದು ಬೇಡ. ಅಂಗಡಿಗೆ ತೆಗೆದುಕೊಂಡು ಹೋಗಿ ಮೊದಲು ಡಿಸಿ ಜ್ಯಾಕ್, ಅಂದರೆ ಪಿನ್ನು ಹೋಗುವ ತೂತಿನ ಭಾಗ, ನೋಡಲು ಹೇಳಿ. ಎಷ್ಟೋ ಮಾಡೆಲುಗಳಲ್ಲಿ ಅದು ವಯರಿನ ಜೊತೆ ಬೇರೆಯೇ ಬರುತ್ತದೆ, ಬೋರ್ಡು ಬದಲಿಸಬೇಕಾಗಿಲ್ಲ. ನಾನು ಕಲಿಸಿದ ಮಕ್ಕಳು ಈಗ ಯಾರಾದರೂ "ಲೈಟು ಉರಿಯುತ್ತದೆ" ಅಂದರೆ ತಕ್ಷಣ "ಚುಚ್ಚಿದ ಮೇಲೂ ಉರಿಯುತ್ತದಾ?" ಎಂದು ಕೇಳುತ್ತಾರೆ. ಅದನ್ನು ಕೇಳುವಾಗ ನನಗೆ ಬಹಳ ಖುಷಿ ಆಗುತ್ತದೆ.

ಚಾರ್ಜರ್ ಸರಿ ಇದೆ ಎಂದು ಖಾತ್ರಿ ಆದ ಮೇಲೆ ಉಳಿದದ್ದು. ಚಾರ್ಜರ್ ಕಳಚಿ, ಬ್ಯಾಟರಿ ಹೊರಗೆ ತೆಗೆಯಲು ಬರುವಂಥದ್ದಾದರೆ ತೆಗೆದು, ಪವರ್ ಬಟನನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿದು ಎಷ್ಟೋ ಲ್ಯಾಪ್‌ಟಾಪ್ ಅಷ್ಟಕ್ಕೇ ಏಳುತ್ತವೆ. ಬ್ಯಾಟರಿ ಪೂರ್ತಿ ಬತ್ತಿದ್ದರೆ ಅರ್ಧ ಗಂಟೆ ಸುಮ್ನೆ ಚಾರ್ಜಿಗೆ ಇಟ್ಟು ಆಮೇಲೆ ಒತ್ತಿ. ಫ್ಯಾನು ತಿರುಗಿ ನಿಂತು, ಮತ್ತೆ ತಿರುಗಿ ನಿಲ್ಲುತ್ತಿದ್ದರೆ ರ‍್ಯಾಮ್, ಅಂದರೆ ಒಳಗಿನ ಮೆಮೊರಿ ಪಟ್ಟಿ, ತೆಗೆದು ಒರೆಸಿ ಕೂರಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಅದರ ಕಾಲುಗಳಲ್ಲಿ ಪಸೆ ಹಿಡಿಯುವುದು ಹೊಸದಲ್ಲ. ಇದಿಷ್ಟೂ ಆದ ಮೇಲೆ ಬೋರ್ಡಿನ ಮಾತು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಚಾರ್ಜರುಗಳು ಗುಂಪಾಗಿ ರಿಪೇರಿಗೆ ಬರುವುದು ಜೂನ್, ಜುಲೈಯಲ್ಲಿ ಅಲ್ಲ. ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರಿನಲ್ಲಿ, ಸಂಜೆ ಸಿಡಿಲು ಶುರುವಾದ ಮೇಲೆ. ಬಂದವರೆಲ್ಲ "ಸ್ವಿಚ್ ಆಫ್ ಮಾಡಿದ್ದೆ" ಅನ್ನುತ್ತಾರೆ. ಗೋಡೆಯ ಸ್ವಿಚ್ ಕತ್ತರಿಸುವುದು ಫೇಸ್ ಒಂದನ್ನು ಮಾತ್ರ. ನ್ಯೂಟ್ರಲ್, ಅರ್ತ್ ಎರಡೂ ಜೋಡಿಸಿಯೇ ಇರುತ್ತವೆ. ಸ್ವಿಚ್ಚಿನ ಒಳಗಿನ ಅಂತರವೂ ಕೆಲವೇ ಮಿಲಿಮೀಟರ್. ಸಾವಿರಾರು ವೋಲ್ಟಿನ ಹೊಡೆತಕ್ಕೆ ಅದು ಅಡ್ಡಿಯೇ ಅಲ್ಲ. ಕರೆಂಟು ಸೋರಿದರೆ ಲೈನು ಕತ್ತರಿಸುವ ಇಎಲ್‌ಸಿಬಿ ಇರುವುದು ಮನುಷ್ಯರಿಗೆ ಶಾಕ್ ಹೊಡೆಯದಿರಲಿ ಎಂದು, ಚಾರ್ಜರನ್ನು ಉಳಿಸಲು ಅಲ್ಲ. ಸ್ಟೆಬಿಲೈಸರಿನ ರಿಲೇ ಟಕ್ ಅನ್ನುವಷ್ಟರಲ್ಲಿ ಸಿಡಿಲಿನ ಹೊಡೆತ ದಾಟಿ ಹೋಗಿರುತ್ತದೆ. ಕರೆಂಟು ಇರುವಾಗ ಮನೆಯ ಇನ್ವರ್ಟರ್ ಅದೇ ಲೈನನ್ನು ನೇರ ಒಳಗೆ ಬಿಡುತ್ತದೆ. ಸರ್ಜ್ ಪ್ರೊಟೆಕ್ಟರ್ ಸಣ್ಣ ಹೊಡೆತಕ್ಕೆ ಸಹಾಯ ಮಾಡುತ್ತದೆ, ಆದರೆ ಅರ್ತ್ ಚೆನ್ನಾಗಿದ್ದರೆ ಮಾತ್ರ. ಮುರಕಲ್ಲಿನ ಗುಡ್ಡೆಯ ಮೇಲೆ ಮನೆ ಇರುವವರು, ಬೇಸಗೆಯಲ್ಲಿ ಅರ್ತಿನ ಗುಂಡಿ ಒಣಗಿ ಹೋಗಿಲ್ಲವಾ ಎಂದು ಒಮ್ಮೆ ನೋಡಿಕೊಳ್ಳಿ.

ಪ್ಲಗ್ ಎಳೆದು ತೆಗೆಯುವುದೊಂದೇ ದಾರಿ. ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ವಯರು ಇದ್ದರೆ ಅದನ್ನೂ ಎಳೆಯಿರಿ. ಗುಡುಗು ತಲೆಯ ಮೇಲೆ ಬಂದಾಗ ಅಲ್ಲ, ಅದಕ್ಕಿಂತ ಮೊದಲು. ಗುಡುಗು ಮೇಲೆ ಬಂದ ಮೇಲೆ ಪ್ಲಗ್ ಮುಟ್ಟುವುದೇ ಅಪಾಯ. ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಿಡಿಲಿನ ಎಚ್ಚರಿಕೆಯಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗಿನ ಹೊತ್ತು ಹೆಚ್ಚು ಅಪಾಯದ್ದು ಎಂದು ಹೇಳುತ್ತಾರೆ. ಆ ತಿಂಗಳುಗಳಲ್ಲಿ ಚಾರ್ಜನ್ನು ಬೆಳಿಗ್ಗೆಯೇ ಮಾಡಿ ಮುಗಿಸಿ.

ಸಿಡಿಲು ಬಂದು ಹೋದ ಮೇಲೆ ಚಾರ್ಜರ್ ಸತ್ತಿದ್ದರೆ, ಡಬ್ಬಿಯನ್ನು ಮೂಸಿ ನೋಡಿ. ಸುಟ್ಟ ವಾಸನೆ ಇದ್ದರೆ ಅದನ್ನು ಮತ್ತೆ ಪ್ಲಗ್ಗಿಗೆ ಹಾಕಬೇಡಿ, ಲ್ಯಾಪ್‌ಟಾಪಿಗಂತೂ ಬೇಡವೇ ಬೇಡ. ಬೇರೆ ಚಾರ್ಜರ್ ಹಾಕಿ ನೋಡಿ. ಎಷ್ಟೋ ಸಲ ಡಬ್ಬಿ ಹೊಡೆತವನ್ನೆಲ್ಲ ತಾನೇ ತಿಂದು, ಲ್ಯಾಪ್‌ಟಾಪ್ ಉಳಿದಿರುತ್ತದೆ. ರಿಪೇರಿಗೆ ಬರುವಾಗ ಲ್ಯಾಪ್‌ಟಾಪಿನ ಜೊತೆ ಹಳೆಯ ಚಾರ್ಜರನ್ನೂ, ಗೋಡೆಗೆ ಹಾಕುವ ಅದರ ದಪ್ಪ ವಯರನ್ನೂ ತನ್ನಿ.