ಕೂಸಿನ ಬಿಳಿ ರಕ್ತಕಣ: ಮಷಿನ್‌ಗಿಂತ ಹಳೆಯ ತಪ್ಪು

ಇಂಡಿ, ಸಿಂದಗಿ ಕಡೆಯಿಂದ ಒಂದು ದಿನದ ಕೂಸನ್ನು ವಿಜಯಪುರಕ್ಕೆ ಕರೆತರುತ್ತಾರೆ. ಅಜ್ಜಿಯ ಕೈಯಲ್ಲಿ ರಕ್ತದ ರಿಪೋರ್ಟ್. ಬಿಳಿ ರಕ್ತಕಣ 24,000. ಪಕ್ಕದಲ್ಲಿ ಅಚ್ಚಾದ ನಾರ್ಮಲ್ 4,000ದಿಂದ 11,000. ಎದೆ ಧಸಕ್ಕೆನ್ನುತ್ತದೆ ಅಲ್ವಾ? ಆದರೆ ಅದು ದೊಡ್ಡವರ ಅಳತೆ. ಮೊದಲ ದಿನದ ಕೂಸಿಗೆ 9,000ದಿಂದ 30,000ದವರೆಗೂ ಸಹಜವೇ.

ಇದಕ್ಕಿಂತ ಜಾಸ್ತಿ ಚಿಂತೆ ಆಗುವುದು, ಎಲ್ಲ ಸರಿ ಇದೆ ಅನ್ನಿಸುವ ರಿಪೋರ್ಟ್ ಕಂಡಾಗ.

ಹೊಟ್ಟೆಯಲ್ಲಿದ್ದಾಗ ಕೂಸು ಕೆಂಪು ಕಣಗಳನ್ನು ಭರದಿಂದ ತಯಾರಿಸುತ್ತದೆ. ಬಲಿತ ಕೆಂಪು ಕಣದಲ್ಲಿ ನ್ಯೂಕ್ಲಿಯಸ್, ಅಂದರೆ ನಡುವಿನ ತಿರುಳು, ಇರುವುದಿಲ್ಲ. ಪೂರ್ತಿ ಬಲಿಯದ ಕೆಲವು ಕಣಗಳು ಅದರ ಸಮೇತ ರಕ್ತಕ್ಕೆ ಇಳಿಯುತ್ತವೆ. ತಿಂಗಳು ತುಂಬದೆ ಹುಟ್ಟಿದ, ಆಮ್ಲಜನಕ ಸಾಲದೆ ಬಳಲಿದ ಕೂಸುಗಳಲ್ಲಿ ಇವು ಬಹಳ. ಎಣಿಕೆ ಎಡವುವುದು ಇಲ್ಲೇ.

ಹಿಂದೆ ಲ್ಯಾಬಿನಲ್ಲಿ ನ್ಯೂಬಾವರ್ ಚೇಂಬರ್ ಇತ್ತು, ಕಣ ಎಣಿಸಲು ಚೌಕಗಳ ಗೆರೆ ಎಳೆದ ಗಾಜಿನ ಪಟ್ಟಿ. ರಕ್ತವನ್ನು ಆಸಿಡ್ ದ್ರಾವಣದಲ್ಲಿ 20 ಪಟ್ಟು ತೆಳು ಮಾಡಿದರೆ ಕೆಂಪು ಕಣ ಒಡೆಯುತ್ತಿತ್ತು. ಉಳಿದದ್ದನ್ನು ಮೈಕ್ರೊಸ್ಕೋಪಿನಲ್ಲಿ ಎಣಿಸುತ್ತಿದ್ದರು. ಬಲಿಯದ ಕಣದ ನ್ಯೂಕ್ಲಿಯಸ್ ಅಲ್ಲೂ ಬಿಳಿ ಕಣದಂತೆ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಜೊತೆಗೆ ಸ್ಲೈಡ್ ನೋಡುವ ರೂಢಿ ಇತ್ತು. ಬಣ್ಣ ಹಾಕಿದ ಸ್ಲೈಡಿನಲ್ಲಿ ಪಳಗಿದ ಕಣ್ಣಿಗೆ ಎರಡೂ ಬೇರೆಯಾಗಿ ಕಾಣುತ್ತವೆ.

1953ರಲ್ಲಿ ಅಮೆರಿಕದ ವಾಲೇಸ್ ಕೌಲ್ಟರ್ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದರು. ಸಣ್ಣ ತೂತಿನ ಮೂಲಕ ಕಣ ಹಾಯುವಾಗ ವಿದ್ಯುತ್ತಿಗೆ ಆಗುವ ತಡೆಯನ್ನೇ ಎಣಿಸುವುದು. ನಿಮಿಷದೊಳಗೆ ಸಾವಿರಾರು ಕಣ! ಕೈ ಎಣಿಕೆಗಿಂತ ಇದು ಎಷ್ಟೋ ಮೇಲು. ಆದರೆ ತೂತಿಗೆ ಗೊತ್ತಾಗುವುದು ಗಾತ್ರ ಮಾತ್ರ. ಹಳೆಯ ತಪ್ಪು ಹಾಗೇ ಉಳಿಯಿತು. ಕೂಸಿನ ಕೆಂಪು ಕಣ ಬೇಗ ಒಡೆಯದಿರುವುದು, ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಪ್ಲೇಟ್‌ಲೆಟ್ ಗಂಟುಕಟ್ಟುವುದು, ಇವೂ ಬಿಳಿ ಕಣದ ಲೆಕ್ಕವನ್ನು ಸುಳ್ಳೇ ಏರಿಸಿ ಆ ತಪ್ಪಿಗೆ ಸೇರಿದವು.

ತಿದ್ದುವ ಲೆಕ್ಕ ಸುಲಭ. ಮಷಿನ್ 12,000 ಅಂದಿದೆ. ಸ್ಲೈಡಿನಲ್ಲಿ 100 ಬಿಳಿ ಕಣಕ್ಕೆ ಬಲಿಯದ ಕೆಂಪು ಕಣ 200 ಇವೆ. 12,000ವನ್ನು 100ರಿಂದ ಗುಣಿಸಿ 300ರಿಂದ ಭಾಗಿಸಿ. ನಿಜವಾದ ಸಂಖ್ಯೆ 4,000! ಕೂಸಿನಲ್ಲಿ ಇಷ್ಟು ಕಡಿಮೆ ಅಂದರೆ ರಕ್ತಕ್ಕೆ ಸೋಂಕು ಹರಡಿರಬಹುದು ಎಂಬ ಸೂಚನೆ. 12,000 ಕಂಡವರು ಸುಮ್ನೆ ಇದ್ದುಬಿಟ್ಟರೆ?

ಹೊಳೆಯುವ ಬಣ್ಣ ಮತ್ತು ಲೇಸರ್ ಬಳಸಿ ಈ ಕಣಗಳನ್ನು ತಾವೇ ಬೇರ್ಪಡಿಸುವ ದೊಡ್ಡ ಮಷಿನ್‌ಗಳು ಈಗ ಇವೆ. ಬಿಳಿ ಕಣಗಳನ್ನು ಮೂರೇ ಗುಂಪಾಗಿ ವಿಂಗಡಿಸುವ, ಸಣ್ಣ ಲ್ಯಾಬುಗಳ ಥ್ರೀ ಪಾರ್ಟ್ ಮಷಿನ್‌ಗೆ ಅದು ಆಗದು. ಅಲ್ಲಿ ಒಂದು ಹನಿ ರಕ್ತ ಸ್ಲೈಡಿಗೆ ಹೋಗಲೇಬೇಕು. ಕೂಸಿನ ರಿಪೋರ್ಟ್ ಕೈಗೆ ಬಂದರೆ ಕೇಳಿ: "ಸ್ಲೈಡ್ ನೋಡಿದ್ರಾ? ಇದು ತಿದ್ದಿದ ಕೌಂಟಾ?"