ಪದ ಪರಿಚಯ: ಆಹಾರ ಸೇರ್ಪಡೆ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಶೇಂಗಾ ಹಿಂಡಿ, ದಾವಣಗೆರೆಯ ಅಕ್ಕಿ ಗಿರಣಿಯ ತೌಡು. ಎರಡನ್ನೂ ಸಮಸಮವಾಗಿ ಕಲಸಿ ಕಾಟ್ಲಾ, ರೋಹುಗಳಿಗೆ ಹಾಕುವುದು ಮೀನು ಸಾಕುವವರ ಹಳೆಯ ರೂಢಿ. ಹೊಂಡದ ನೀರಿನಲ್ಲೇ ಹುಟ್ಟಿ ತೇಲುವ ಸೂಕ್ಷ್ಮ ಜೀವಿಗಳು, ಅಂದರೆ ಪ್ಲವಕಗಳು, ಮೀನಿನ ಸಹಜ ಆಹಾರ. ಅದು ಸಾಲದೆಂದು ಕೊಡುವ ಹಿಂಡಿ–ತೌಡಿಗೆ ‘ಪೂರಕ ಆಹಾರ’ ಎಂದು ಹೆಸರು. ಆ ಹಿಂಡಿಗೆ ಚಿಟಿಕೆ ಲೆಕ್ಕದಲ್ಲಿ ಬೆರೆಸುವ ಬೆಳ್ಳುಳ್ಳಿ, ಅರಿಶಿನ, ಯೀಸ್ಟ್‌ಗಳೇ ‘ಆಹಾರ ಸೇರ್ಪಡೆ’. ಇವು ಹೊಟ್ಟೆ ತುಂಬಿಸುವುದಿಲ್ಲ, ಪೋಷಕಾಂಶದ ಕೊರತೆಯನ್ನೂ ನೀಗಿಸುವುದಿಲ್ಲ; ರೋಗ ತಡೆಯುವ ಮೀನಿನ ಶಕ್ತಿಗೆ ಒತ್ತಾಸೆಯಾಗಲೆಂದು ಕೊಡುವಂಥವು. ಬೆಳ್ಳುಳ್ಳಿ ತಿನ್ನದ ಮೀನಿಗೆ ಯಾವ ನಷ್ಟವೂ ಇಲ್ಲ!

ಮಾತಿನಲ್ಲಿ ಮಾತ್ರ ಎಲ್ಲಕ್ಕೂ ‘ಔಷಧಿ’ ಎಂದುಬಿಡುತ್ತೇವೆ. ತೊಡಕು ಅಲ್ಲೇ ಇದೆ. ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ತಗುಲಿ ಮೈಮೇಲೆ ಹುಣ್ಣಾದ, ಹೊಟ್ಟೆ ಉಬ್ಬಿದ ಮೀನು ಮೊದಲು ಬಿಡುವುದೇ ಆಹಾರವನ್ನು. ತಿನ್ನದ ಮೀನಿಗೆ ಹಿಂಡಿಯಲ್ಲಿ ಕಲಸಿದ್ದು ತಲುಪುವುದು ಹೇಗೆ? ಸೇರ್ಪಡೆ ಕೆಲಸ ಮಾಡುವುದು ಚೆನ್ನಾಗಿ ತಿನ್ನುತ್ತಿರುವ ಮೀನಿನಲ್ಲಿ. ಹುಣ್ಣುರೋಗ ಹೆಚ್ಚಾಗಿ ಕಾಣುವುದು ಮಳೆ ಮುಗಿದು ಚಳಿ ಹಿಡಿಯುವಾಗ. ಕೊಡುವುದಾದರೆ ಅದಕ್ಕೂ ಮೊದಲೇ ಕೊಡಬೇಕು.

ಯೀಸ್ಟ್‌ನ ಕೋಶಭಿತ್ತಿಯಲ್ಲಿ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿಯಿದೆ. ರೋಗ ತರುವ ಶಿಲೀಂಧ್ರಗಳ ಭಿತ್ತಿಯಲ್ಲಿಯೂ ಇರುವುದು ಇದೇ. ಹಾಗಾಗಿ ಮೀನಿನ ಬಿಳಿ ರಕ್ತಕಣಗಳು ಯಾರೋ ನುಗ್ಗಿದರೆಂದು ಬಗೆದು ಎಚ್ಚೆತ್ತುಕೊಳ್ಳುತ್ತವೆ. ಹುಟ್ಟಿನಿಂದ ಬಂದ ರೋಗನಿರೋಧಕ ಶಕ್ತಿಯನ್ನೇ ಹೆಚ್ಚು ನೆಚ್ಚಿರುವ ಮೀನಿಗೆ ಈ ಸುಳ್ಳು ಎಚ್ಚರಿಕೆಯೂ ಲಾಭವೇ. ಆದರೆ ತಿಂಗಳುಗಟ್ಟಲೆ ಬಿಡದೆ ಕೊಟ್ಟರೆ ಪರಿಣಾಮ ಮಂಕಾಗಬಹುದು. ನಡುನಡುವೆ ನಿಲ್ಲಿಸುವುದು ಒಳ್ಳೆಯದು. ಬ್ಯಾಸಿಲಸ್‌ನಂತಹ ಪ್ರೋಬಯಾಟಿಕ್‌ಗಳ, ಅಂದರೆ ಉಪಕಾರಿ ಬ್ಯಾಕ್ಟೀರಿಯಾಗಳ, ದಾರಿ ಬೇರೆ: ಕರುಳಿನಲ್ಲಿ ಜಾಗ ಹಿಡಿದು ರೋಗಾಣುಗಳಿಗೆ ಎಡೆ ಕೊಡುವುದಿಲ್ಲ.

ಬೆಳವಣಿಗೆಗಾಗಿ ಪ್ರಾಣಿಗಳ ಆಹಾರಕ್ಕೆ ಪ್ರತಿಜೀವಕ (ಆಂಟಿಬಯೋಟಿಕ್) ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ ಪೂರ್ತಿ ನಿಷೇಧಿಸಿದ ಮೇಲೆ ಇಂತಹ ನೈಸರ್ಗಿಕ ವಸ್ತುಗಳಿಗೆ ಬೇಡಿಕೆ ಕುದುರಿತು. ನೈಸರ್ಗಿಕವೆಂದು ಸುರಿಯುವಂತಿಲ್ಲ. ಬೆಳ್ಳುಳ್ಳಿ ಅತಿಯಾದರೆ ಮೀನಿನ ಬೆಳವಣಿಗೆಯೇ ಕುಂಠಿತವಾಗಬಹುದು. ಮುಗ್ಗಿದ ಶೇಂಗಾ ಹಿಂಡಿಯ ಅಫ್ಲಾಟಾಕ್ಸಿನ್ ವಿಷ ಮೀನಿನ ಯಕೃತ್ತನ್ನು ಕೆಡಿಸುತ್ತದೆ. ಅದನ್ನು ಅರಿಶಿನ ಹಾಕಿ ಸರಿಪಡಿಸಲು ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಬೆಳ್ಳುಳ್ಳಿಯ ಘಾಟು, ಅಂದರೆ ಅಲಿಸಿನ್, ಎಸಳು ಜಜ್ಜಿದಾಗಲಷ್ಟೇ ಹುಟ್ಟುತ್ತದೆ, ಬಿಸಿಗೆ ಹಾಳಾಗುತ್ತದೆ. ಒಗ್ಗರಣೆಯಲ್ಲಿ ಕೆಂಪಗಾದ ಎಸಳು ಸಪ್ಪೆಯಾಗುವುದು ಅದಕ್ಕೇ. ಹಿಂಡಿಯನ್ನು ಬೇಯಿಸುವ ರೂಢಿಯಿದ್ದರೆ ಅದು ಆರಿದ ಮೇಲೆ ಜಜ್ಜಿದ ಬೆಳ್ಳುಳ್ಳಿ ಕಲಸಿ, ಅಂದೇ ಹಾಕಿ ಮುಗಿಸಬೇಕು.